ಕೆಂಪುಬಾಳೆ ತಿಂದು ಹಾರಿದವನು

ಕಮಲಾಪುರದ ಖಂಡೆಪ್ಪ ಆ ಭಾನುವಾರ ಬೆಳಿಗ್ಗೆ ತನ್ನ ತೋಟದ ಒಂದೇ ಒಂದು ಕೆಂಪುಬಾಳೆಹಣ್ಣು ತಿಂದು, ಸಿಪ್ಪೆಯನ್ನು ಹಿಂದಕ್ಕೆ ಎಸೆದು, ಎಡಗಾಲಿನಿಂದ ನೆಲ ಒದ್ದು ಹಾರಿದವನು, ಸೀದಾ ಕಲಬುರಗಿಯ ಗಾಜಿಪುರದಲ್ಲಿ ಅಕ್ಕನ ಮನೆಯ ಅಂಗಳಕ್ಕೇ ಬಂದು ಇಳಿದ. ಸಿಪ್ಪೆ ಅಲ್ಲಿ ಕಮಲಾಪುರದಲ್ಲಿ ಇನ್ನೂ ನೆಲ ಮುಟ್ಟಿರಲಿಲ್ಲ. ದಾರಿಯಲ್ಲಿ ಒಂದು ಹದ್ದು ಎದುರಾಗಿ, ‘ನೀವು ಮುಂದ ಹೋಗ್ರಿ ಸಾವ್ಕಾರ್ರ’ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಹೆಗಲ ಮೇಲೆ ಬಾಳೆಗೊನೆ, ಬಗಲಲ್ಲಿ ಛತ್ರಿ, ತಲೆಗೆ ರುಮಾಲು. ಅಷ್ಟು ದೂರ ಗಾಳಿಯಲ್ಲಿ ಬಂದರೂ ರುಮಾಲಿನ ಒಂದು ಮಡಿಕೆ ಕದಲಿರಲಿಲ್ಲ.

ಸುಳ್ಳು ಎನ್ನುವವರು ಅನ್ನಿಯನ್ನು ಕೇಳಬೇಕು. ಅನ್ನಿ ಖಂಡೆಪ್ಪನ ಅಕ್ಕ ಪುತಳಾಬಾಯಿಯ ಮಗಳು. ಅಜ್ಜಿಯ ನೆನಪಿಗೆ ಅನ್ನಮ್ಮ ಎಂದು ಹೆಸರಿಟ್ಟಿದ್ದರು; ಆರು ವರ್ಷದ ಮೈಗೆ ಅಷ್ಟು ದೊಡ್ಡ ಹೆಸರು ದೊಗಲೆಯಾಗಿ ಅನ್ನಿ ಆಗಿತ್ತು. ಮುಂದಿನ ಹಲ್ಲುಗಳು ಬಿದ್ದು ಬಾಯಿ ಸದಾ ತೆರೆದ ಬಾಗಿಲಿನಂತಿರುತ್ತಿತ್ತು. ಇಡೀ ಲೋಕದಲ್ಲಿ ಖಂಡೆಪ್ಪನ ಮಾತನ್ನು ಸಿಪ್ಪೆ ಸಮೇತ ನುಂಗುವ ಬಾಯಿ ಅದೊಂದೇ.

ಕಮಲಾಪುರದಲ್ಲಿ ಅವನ ಕೀರ್ತಿ ಬೇರೆ ಥರದ್ದು. ‘ಮಳಿ ಬಂತು!’ ಎಂದು ಅವನು ಕೂಗಿದರೆ ಹೆಂಗಸರು ಒಣಹಾಕಿದ ಸಂಡಿಗೆಯನ್ನು ಇನ್ನಷ್ಟು ಹರವಿ ಹಾಕುತ್ತಿದ್ದರು. ತೋಟಕ್ಕೆ ನುಗ್ಗಿದ ಚಿರತೆಯನ್ನು ಬಾಲ ಹಿಡಿದು ಗಿರಗಿರ ತಿರುಗಿಸಿ ಬೀದರ ಜಿಲ್ಲೆಗೆ ಒಗೆದ ಸಂಗತಿ, ಕೆಸರಿನಲ್ಲಿ ಹೂತ ಸರ್ಕಾರಿ ಬಸ್ಸನ್ನು ಜನರ ಸಮೇತ ಒಬ್ಬನೇ ಎತ್ತಿ ಡಾಂಬರಿನ ಮೇಲಿಟ್ಟ ಸಂಗತಿ – ಇವನ್ನು ಹೇಳಲು ಅವನು ಚಹಾದ ಅಂಗಡಿಯಲ್ಲಿ ಗಂಟಲು ಸರಿಮಾಡಿಕೊಂಡರೆ ಸಾಕು, ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಕೇಳುವವರಿಲ್ಲದ ಸುಳ್ಳಿನ ಪಾಡು ಕೊಳ್ಳುವವರಿಲ್ಲದ ಬಾಳೆಹಣ್ಣಿನ ಪಾಡಿನಂತೆ. ಒಳಗೊಳಗೇ ಕಪ್ಪಾಗುತ್ತದೆ. ಅದಕ್ಕೇ ಖಂಡೆಪ್ಪ ಭಾನುವಾರ ಬಂತೆಂದರೆ ಮಾರ್ಕೆಟ್ಟಿಗೆ ಬಾಳೆ ಹಾಕುವ ನೆಪ ಹೂಡಿ ಗಾಜಿಪುರಕ್ಕೆ ಬರುತ್ತಿದ್ದ. ಬಾಳೆ ಮಾರ್ಕೆಟ್ಟಿಗೆ, ಸುಳ್ಳು ಅನ್ನಿಗೆ.

ಓಣಿಗೆಲ್ಲ ಬಣ್ಣದ ಟಿವಿ ಒಂದೇ ಇದ್ದ ಕಾಲ. ಅದಿದ್ದದ್ದು ಪಕ್ಕದ ಮನೆಯ ಅಕ್ಬರಿ ಬೇಗಂ ಅವರಲ್ಲಿ. ಊರಿಗೇ ಚಿಕ್ಕಮ್ಮನಾಗಿ, ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಖಾಲಾ ಎಂದೇ ಕರೆಯುವ ಹೆಂಗಸು. ಭಾನುವಾರ ಆ ಟಿವಿಯಲ್ಲಿ ಯಾರೋ ಒಬ್ಬರು ಹಾರಿಬಂದು ಯಾರನ್ನೋ ಕಾಪಾಡಿದರೆ, ಸೋಮವಾರದ ಹೊತ್ತಿಗೆ ಗಾಜಿಪುರದ ಒಂದು ಮನೆಯಲ್ಲೂ ಮೈ ಒರೆಸಲು ಟವೆಲ್ ಸಿಗುತ್ತಿರಲಿಲ್ಲ. ಎಲ್ಲವೂ ಮಕ್ಕಳ ಬೆನ್ನಿಗೆ.

ಆ ಪಡೆಗೆ ಇಬ್ಬರು ಸೇನಾಧಿಪತಿಗಳು: ಅನ್ನಿ, ಮತ್ತು ಖಾಲಾ ಅವರ ಮೊಮ್ಮಗ ಜಹಾಂಗೀರ್. ಜಹಾಂಗೀರನ ವೇಷದ ಮುಂದೆ ಟಿವಿಯವರ ವೇಷ ತಿಪ್ಪೆಗೆ. ಪೈಜಾಮದ ಮೇಲೆ ಚಡ್ಡಿ, ಕುತ್ತಿಗೆಗೆ ಅಜ್ಜಿಯ ಹಸಿರು ಓಢಣಿ, ತಲೆಗೆ ಅನ್ನ ಬಸಿಯುವ ತೂತಿನ ಬೋಗುಣಿ. ಅನ್ನಿ ಅಪ್ಪನ ಕಾಲುಚೀಲಗಳನ್ನು ಮೊಣಕೈವರೆಗೆ ಎಳೆದುಕೊಂಡು, ಹಣೆಯ ಮೇಲೆ ಕುಂಕುಮದಲ್ಲಿ ಸಿಡಿಲು ಬರೆದುಕೊಂಡು, ನಡುವಿಗೆ ಎಮ್ಮೆಯ ಕಣ್ಣಿ ಬಿಗಿಯುತ್ತಿದ್ದಳು. ವೇಷ ಏರಿತೋ, ಹಲ್ಲಿ ಕಂಡರೆ ಅಜ್ಜಿಯ ಸೆರಗಿಗೆ ಓಡುವ ಜಹಾಂಗೀರ್ ಕತ್ತಲೆಯ ಬಚ್ಚಲಿಗೆ ಒಬ್ಬನೇ ನುಗ್ಗಿ ಬರುತ್ತಿದ್ದ. ಒಂದು ರೊಟ್ಟಿಗೆ ನೂರು ನೆಪ ಹೇಳುವ ಅನ್ನಿ ಎರಡು ರೊಟ್ಟಿ ತಿಂದು ಶೇಂಗಾ ಹಿಂಡಿ ನೆಕ್ಕುತ್ತಿದ್ದಳು. ಜಹಾಂಗೀರನಿಗೆ ಮಾಯವಾಗುವ ಶಕ್ತಿಯಿತ್ತು. ಕಣ್ಣು ಮುಚ್ಚಿ ನಿಂತರೆ ಅವನು ಯಾರಿಗೂ ಕಾಣುತ್ತಿರಲಿಲ್ಲ. ಅನ್ನಿಗೆ ಗಾಡಿ ನಿಲ್ಲಿಸುವ ಶಕ್ತಿ. ರಸ್ತೆ ನಡುವೆ ಕೈ ಎತ್ತಿದರೆ ಆಟೋಗಳು ನಿಜಕ್ಕೂ ನಿಲ್ಲುತ್ತಿದ್ದವು. ಡ್ರೈವರುಗಳು ಇಳಿದು ಬಯ್ಯುತ್ತಿದ್ದರು ಕೂಡ, ಆದರೆ ದುಷ್ಟರು ಬಯ್ಯದೆ ಇರುತ್ತಾರೆಯೇ?

ನಿಜವಾದ ದುಷ್ಟನ ಕೆಲಸಕ್ಕೆ ಓಣಿಯಲ್ಲಿ ಯಾರೂ ಒಪ್ಪದ ಕಾರಣ ಅದು ಖಮರುದ್ದೀನನ ಹೋತದ ಪಾಲಿಗೆ ಬಂದಿತ್ತು. ಗಡ್ಡವಿತ್ತು, ಕೋಡಿತ್ತು, ಮಾಡಿದ್ದಕ್ಕೆ ನಾಚಿಕೆಯಿರಲಿಲ್ಲ.

ಇಂಥ ಅಂಗಳಕ್ಕೆ ಖಂಡೆಪ್ಪ ಹೆಗಲ ಮೇಲೆ ಗೊನೆ ಹೊತ್ತು ಬಂದು, ಹದ್ದು ದಾರಿ ಬಿಟ್ಟ ಕತೆ ಹೇಳಿದ. ಕೇಳಿ ಜಹಾಂಗೀರನ ಬೋಗುಣಿ ಹಿಂದಕ್ಕೆ ಸರಿಯಿತು.

“ಉಡ್ಕೋ ಆಯೆ ಕ್ಯಾ ಮಾಮೂ?”

“ಏ ಜಾಂಗೀರ, ಕಣ್ಣ ಕಾಣಂಗಿಲ್ಲೇನೋ?” ಅನ್ನಿ ಅವನನ್ನು ತಿವಿದಳು. “ಮಾಮಾ ಧೋತರ ಉಟ್ಟಾನಲ್ಲ. ಮತ್ತ್ಯಾಕ ‘ಉಡ್ಕೋ’ ಅಂತೀ?”

ಖಂಡೆಪ್ಪ ನಕ್ಕ ನಗೆಗೆ ಶರಣಬಸಪ್ಪನ ಗುಡಿಯ ಪಾರಿವಾಳಗಳೆಲ್ಲ ಎದ್ದವು.

“ಹುಚ್ಚಿ, ನಮ್ಮಲ್ಲಿ ಮಂದಿ ಧೋತರ ಉಡ್ತಾರ, ಅವರಲ್ಲಿ ಹಕ್ಕಿ ಉಡ್ತಾವ! ಅವರ ಮಾತಿನ್ಯಾಗ ‘ಉಡ್ಕೋ’ ಅಂದ್ರ ‘ಹಾರಿ’ ಅಂತವ್ವಾ. ಹಾರಿ ಬಂದ್ರ್ಯಾ ಅಂತ ಕೇಳಾಕತ್ತಾನ ಪಾಪ. ಹೌ ಬೇಟಾ, ಉಡ್ಕೋಚ್ ಆಯಾ! ನನ್ನ ಉರ್ದು ಕೇಳಿ ಹೈದರಾಬಾದಿನ ದೊಡ್ಡ ದೊಡ್ಡ ಮಂದಿ ತಲಿ ತಗ್ಗಿಸ್ಯಾರ, ನೀ ಏನ್ ತಿಳದಿ.”

“ತೋ ಕನ್ನಡದಾಗ ‘ಉಡ್ತಾ’ ಅಂದ್ರ ಹಾರೂದಲ್ಲ?” ಜಹಾಂಗೀರ್ ಅನ್ನಿಯನ್ನು ಕೇಳಿದ.

“ಅಲ್ಲೋ. ಸೀರಿ ಉಡೂದು, ಧೋತರ ಉಡೂದು. ಚಡ್ಡಿ ಹಾಕ್ಕೊಳ್ಳೂದು. ಅದೂ ಪೈಜಾಮದ ಒಳಗ.”

ಪೈಜಾಮದ ಮಾತನ್ನು ಜಹಾಂಗೀರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ‘ಉಡೂದು, ಉಡೂದು’ ಎಂದು ಹೊಸ ಮಾತನ್ನು ಪೆಪ್ಪರಮೆಂಟಿನಂತೆ ದವಡೆಗೆ ಒತ್ತರಿಸಿಕೊಂಡ. ಅಲ್ಲಿ ಅದು ಒಂದು ವಾರ ಕರಗದೆ ಉಳಿಯಿತು.

ಗೊನೆಯ ಜೊತೆ ತಂದ ಬಾಳೆ ಎಲೆಗಳಲ್ಲಿ ಅತಿ ದೊಡ್ಡದನ್ನು ಆರಿಸಿ ಖಂಡೆಪ್ಪ ಅನ್ನಿಯ ಬೆನ್ನಿಗೆ ಕಟ್ಟಿದ. ಟವೆಲ್ಲಿನವರ ನಡುವೆ ಆ ಎಲೆಯ ಗತ್ತೇ ಗತ್ತು. ಅವಳು ಓಡಿದರೆ ಎಲೆ ಹಿಂದೆ ಪಟಪಟ ಬಡಿಯುತ್ತಿತ್ತು. ಸದ್ದು ಕೇಳಿ ಓಣಿಯ ಮಕ್ಕಳೆಲ್ಲ ಹಾದಿ ಬಿಟ್ಟರು. ಅವಳು ಇನ್ನೇನು ನೆಲ ಬಿಡಬೇಕು, ಬಿಟ್ಟೇಬಿಡಬೇಕು, ಅಷ್ಟರಲ್ಲಿ ಹಿಂದಿನಿಂದ ಹೋತ ಬಂದು ಎಲೆಯನ್ನು ತುದಿಯಿಂದ ಬುಡದವರೆಗೆ ತಿಂದು, ಕಟ್ಟಿದ ಹುರಿಯನ್ನೂ ಚೀಪಿ ಹೋಯಿತು.

ಅನ್ನಿ ಅತ್ತ ಅಳುವಿಗೆ ಬಾವಿಗಳಲ್ಲಿ ನೀರು ಏರಿತು. ಬಾಳೆಹಣ್ಣು ಕೊಟ್ಟರೂ ನಿಲ್ಲಲಿಲ್ಲ, ಚಿರತೆಯ ಕತೆ ಹೇಳಿದರೂ ನಿಲ್ಲಲಿಲ್ಲ. ಆಗ ಖಂಡೆಪ್ಪನ ಬಾಯಿ, ಅವನನ್ನು ಒಂದು ಮಾತೂ ಕೇಳದೆ, ಹೀಗೆಂದಿತು:

“ಅಳಬ್ಯಾಡವ್ವಾ. ಬರೂ ಐತವಾರ ನಾ ಕಮಲಾಪುರದಿಂದ ಹಾರಿ ಬಂದು ನಿಮ್ಮ ಮಾಳಗಿ ಮ್ಯಾಲೇ ಇಳೀತೀನಿ. ಓಣಿ ಮಂದಿ ಎಲ್ಲಾ ಕಣ್ಣಾರೆ ನೋಡ್ಲಿ!”

ಅಳು ಕೊಡಕ್ಕೆ ಮುಚ್ಚಳ ಹಾಕಿದಂತೆ ನಿಂತಿತು.

“ಖರೇ?”

“ಖರೇ.”

ಹೊರಸಿನ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದ ಪುತಳಾಬಾಯಿ ತಲೆ ಎತ್ತಿದಳು. “ಖಂಡ್ಯಾ, ಹ್ವಾದ ವರ್ಷ ಗಾಳಿಪಟ ತಗ್ಯಾಕ ನಿಚ್ಚಣಿಕಿ ಹತ್ತಿ, ಇಳ್ಯಾಕ ಬರಲಾರದ ‘ಅಕ್ಕಾ, ಅಕ್ಕಾ’ ಅಂತ ಕಣ್ಣೀರ ಹಾಕಿದ್ದಿ. ನಾಕ ಮಂದಿ ಹಿಡದು ಇಳಿಸ್ಯಾರ ನಿನ್ನ. ನೀ ಹಾರತೀ?”

“ಅಕ್ಕಾ, ಏರೂದು ಬ್ಯಾರೆ, ಹಾರೂದು ಬ್ಯಾರೆ. ಹದ್ದಿಗೆ ನಿಚ್ಚಣಿಕಿ ಹತ್ತು ಅಂದ್ರ ಹತ್ತತದ?”

ಇದಕ್ಕೆ ಪುತಳಾಬಾಯಿಯಲ್ಲಿದ್ದ ಉತ್ತರವನ್ನು ಮಕ್ಕಳ ಮುಂದೆ ಆಡುವಂತಿರಲಿಲ್ಲ.

ಸಂಜೆ ಅವನು ಹೊರಟಾಗ ಅನ್ನಿ ಬಾಗಿಲವರೆಗೆ ಬಂದು ಧೋತರದ ಚುಂಗು ಹಿಡಿದಳು. “ಮಾಮಾ, ನನಗೂ ಎರಡು ಕೆಂಪಬಾಳಿ ಇಟ್ಟು ಹೋಗು. ನೀ ಬರಲಿಲ್ಲಂದ್ರ ನಾನೇ ಹಾರಿ ಬಂದು ಕರಕೊಂಡ ಬರ್ತೀನಿ.” ಖಂಡೆಪ್ಪ ಹಿಂದೆ ಮುಂದೆ ನೋಡದೆ ಎರಡು ಹಣ್ಣು ಕಿತ್ತು ಕೊಟ್ಟ.

ಕಮಲಾಪುರ ಮುಟ್ಟಿದ ಮೇಲೆ ಅವನಿಗೆ ಚಿಂತೆ ಹತ್ತಿತು. ಆ ವಾರ ಅವನು ಎಷ್ಟು ಸೊರಗಿದನೆಂದರೆ ನೆರಳು ಬೀಳುವುದು ನಿಂತಿತು. ಹಾರುವುದು ತನಗೆ ಬಾರದು ಎನ್ನುವುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಆದರೆ ಆ ಸಂಗತಿಯ ಜೊತೆ ಅವನಿಗೆ ಹೆಚ್ಚು ಬಳಕೆಯಿರಲಿಲ್ಲ. ಗುರುವಾರ ಯಾರೂ ಇಲ್ಲದ್ದು ನೋಡಿ, ಒಂದು ಕೆಂಪುಬಾಳೆ ತಿಂದು, ತೋಟದ ಒಡ್ಡಿನ ಮೇಲಿಂದ ಕಾಲುವೆಯ ಕಡೆ ಜಿಗಿದೂ ನೋಡಿದ. ಅರ್ಧ ಗಂಟೆ ಗಾಳಿಯಲ್ಲಿದ್ದೆ ಎಂದು ಅವನ ಅಂದಾಜು. ಕಾಲುವೆಯ ಕಪ್ಪೆಗಳು ಅಷ್ಟು ಹೊತ್ತು ಕಾಯಲಿಲ್ಲ.

ಹೋಗದೆ ಇದ್ದುಬಿಡಬಹುದಿತ್ತು. ಜ್ವರ ಎನ್ನಬಹುದಿತ್ತು. ಆದರೆ ಬಾರದಿದ್ದರೆ ಮುಂದಿನ ಸಲ ಅನ್ನಿ ಬಾಯಿ ತೆರೆದು ಕೂರುವುದಿಲ್ಲ. ಚಹಾದ ಅಂಗಡಿಯವರಂತೆ ಅವಳೂ ಎದ್ದು ಚಪ್ಪಲಿ ಹುಡುಕುತ್ತಾಳೆ. ಆ ಪುಟ್ಟ ಚಪ್ಪಲಿಗಳು ಶನಿವಾರ ಅವನ ಕಣ್ಣ ಮುಂದೆ ನಡೆದಾಡಿದವು. ಆಗ ಹೊಳೆಯಿತು ಉಪಾಯ.

ಭಾನುವಾರ ಖಂಡೆಪ್ಪ ಕಲಬುರಗಿ ಮುಟ್ಟಿದ. ಹೇಗೆ ಮುಟ್ಟಿದ ಎನ್ನುವುದನ್ನು ಈಗಲೇ ಕೆದಕುವುದು ಬೇಡ, ಮುಟ್ಟಿದ. ಶರಣಬಸಪ್ಪನ ಗುಡಿಯ ಮುಂದೆ ನಿಂತು ಕೈ ಮುಗಿದು, “ಅಪ್ಪಾ, ಇವತ್ತೊಂದ ದಿನ ಕಣ್ಣ ಮುಚ್ಚಿಕೋ” ಎಂದು ಬೇಡಿಕೊಂಡ. ಆಮೇಲೆ ಒಂದು ಕಟ್ಟೆಯ ಮೇಲೆ ಕುಳಿತು, ಚೀಲದಿಂದ ಬಿಳಿಯ ಪಟ್ಟಿಯ ಸುರುಳಿ ತೆಗೆದು ಬಲಗಾಲಿಗೆ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಸುತ್ತಿದ. ಸುತ್ತಿ, ಎದ್ದು, ನಾಲ್ಕು ಹೆಜ್ಜೆ ಕುಂಟಿ ನೋಡಿದ. ಎಂಥ ಕುಂಟು! ಹೂ ಮಾರುವ ಮುದುಕಿಯೊಬ್ಬಳು “ಅಯ್ಯ ನನ್ನಪ್ಪಾ” ಎಂದು ಕಣ್ಣೊರೆಸಿಕೊಂಡಳು. ಕತೆಯೂ ತಯಾರಿತ್ತು: ಹಾರುತ್ತ ಬರುವಾಗ ಮೋಡದಲ್ಲಿ ದಾರಿ ಕಾಣದೆ ಟಿವಿ ಟಾವರಿಗೆ ಕಾಲು ಬಡಿಯಿತು, ಇನ್ನು ಮೇಲೆ ಹಾರಕೂಡದೆಂದು ಡಾಕ್ಟರರು ಕೈಮುಗಿದು ಕೇಳಿಕೊಂಡಿದ್ದಾರೆ. ಮಾನವೂ ಉಳಿಯಿತು, ಮುಂದಿನ ತಕರಾರೂ ತೀರಿತು.

ಹೀಗೆ ಕುಂಟುತ್ತ, ನರಳುತ್ತ ಓಣಿಯ ತುದಿಗೆ ಬರುವಷ್ಟರಲ್ಲಿ ಜಹಾಂಗೀರ್ ಎದುರಿನಿಂದ ಓಡಿ ಬಂದ. ಬೋಗುಣಿ ಕಣ್ಣಿನ ಮೇಲೆ ಜಾರಿತ್ತು.

“ಮಾಮೂ! ಎಷ್ಟ್ ಲೇಟ್ ಮಾಡಿದ್ರಿ! ನಾ ಎಲ್ಲಾ ಕಡಿ ಹುಡುಕಾಕತ್ತೀನಿ!”

“ಏನ್ ಹೇಳಲಿ ಬೇಟಾ, ಟಾವರಿಗಿ ನನ್ನ ಕಾಲು…”

“ಲಗೂ ಬರ್ರಿ. ಅನ್ನಿ ಮಾಳಗಿ ಮ್ಯಾಲ ಹೋಗ್ಯಾಳ.”

“ಮಾಳಗಿ ಮ್ಯಾಲ? ಯಾಕ?”

“ಉಡ್ತಾಳ!”

ಖಂಡೆಪ್ಪ ನರಳುವುದನ್ನೇ ಮರೆತ. “ಕ್ಯಾ?”

“ಉಡ್ತಾಳ ರೀ ಮಾಮೂ! ನೀವು ಬರೂ ತನಕ ತಡ್ಯಂಗಿಲ್ಲ ಅಂದ್ಳು. ಕೆಂಪಬಾಳಿ ಎರಡೂ ತಿಂದಾಳ.”

ಓಣಿಯ ಬೇರೆ ಯಾವ ಹುಡುಗ ಹೇಳಿದ್ದರೂ ಖಂಡೆಪ್ಪ, ‘ಏನ್ ಉಡ್ತಾಳೋ?’ ಎಂದು ಕೇಳುತ್ತಿದ್ದ. ಹೇಳಿದವನು ಅಕ್ಬರಿ ಬೇಗಂ ಅವರ ಮೊಮ್ಮಗ. ಅವನ ಬಾಯಲ್ಲಿ ಬಂದ ‘ಉಡ್’ ಹಕ್ಕಿಯ ‘ಉಡ್’ ಅಲ್ಲದೆ ಇನ್ನೇನು? ಉರ್ದು ಬಲ್ಲ ತನಗೆ ಅದನ್ನು ಬಿಡಿಸಿ ಹೇಳಬೇಕೇ? ಖಂಡೆಪ್ಪನ ಕಣ್ಣ ಮುಂದೆ ಮಾಳಿಗೆಯ ಅಂಚು ಬಂತು, ಅಂಚಿನ ಮೇಲೆ ಎರಡು ಪುಟ್ಟ ಪಾದ ಬಂದವು, ಕೆಳಗೆ ಶಹಾಬಾದ ಕಲ್ಲಿನ ಅಂಗಳ ಬಂತು.

ಓಡಿದ.

ಖಂಡೆಪ್ಪ ಓಡಿದ ಆ ಓಟವನ್ನು ನೋಡದವರು ಓಟವನ್ನೇ ನೋಡಿಲ್ಲ. ಪೆಟ್ಟು ಬಿದ್ದ ಬಲಗಾಲು ಎಡಗಾಲಿಗಿಂತ ಒಂದು ಹೆಜ್ಜೆ ಮುಂದೆಯೇ ಇತ್ತು. ಪಟ್ಟಿ ಹಿಮ್ಮಡಿಯಿಂದ ಬಿಚ್ಚಿಕೊಂಡು ಹಿಂದೆ ಉದ್ದಕ್ಕೆ ಗಾಳಿಯಲ್ಲಿ ತೇಲಿತು. ಛತ್ರಿ ಒಂದು ಬಾಗಿಲಲ್ಲಿ, ಚಪ್ಪಲಿ ಒಂದು ಬಾಗಿಲಲ್ಲಿ ಬಿದ್ದವು. ರುಮಾಲಿನ ಮಡಿಕೆಗಳಂತೂ ಒಂದೂ ಉಳಿಯಲಿಲ್ಲ. ಖಮರುದ್ದೀನನ ಹೋತ ಗೋಡೆ ಪಕ್ಕದಿಂದ ನೋಡಿ, ಇಂಥ ಉದ್ದನೆಯ ತಿನಿಸು ಜನ್ಮದಲ್ಲಿ ಕಂಡಿಲ್ಲವೆಂದು ಪಟ್ಟಿಯ ತುದಿ ಹಿಡಿದು ಬೆನ್ನು ಹತ್ತಿತು.

“ಅನ್ನೀ! ಹಾರಬ್ಯಾಡವ್ವೋ! ನಿಲ್ಲು! ನನಗ ಹಾರಾಕ ಬರಂಗಿಲ್ಲ! ಯಾವತ್ತೂ ಹಾರಿಲ್ಲ! ಸುಳ್ಳವ್ವಾ, ಎಲ್ಲಾ ಸುಳ್ಳ!”

ಬಾಗಿಲುಗಳು ತೆರೆದವು.

“ಬಾಳೀಹಣ್ಣಿಗಿ ಏನೂ ಶಕ್ತಿ ಇಲ್ಲ! ಬರೇ ಹಣ್ಣದು! ಚಿರತಿ ಅಂದ್ನಲ್ಲ, ಅದು ಬೆಕ್ಕು! ಕರಿಬೆಕ್ಕು! ಅದೇ ನನ್ನ ಬೆನ್ನ ಹತ್ತಿತ್ತು!”

ಕಿಟಕಿಗಳೂ ತೆರೆದವು. ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

“ಬಸ್ಸ ನಾ ಎತ್ತಿಲ್ಲ! ಮಂದಿ ಎಲ್ಲಾ ಇಳದು ನೂಕಿದ್ರು! ನಾ ಒಳಗೇ ಕುಂತಿದ್ದೆ! ಕಾಲಿಗಿ ಏನೂ ಆಗಿಲ್ಲ! ಹಾರಬ್ಯಾಡವ್ವಾ ನನ್ನವ್ವಾ!”

ಆದರೆ ಮಾಳಿಗೆಯ ಮೇಲಿಂದ ತಾಟು, ತಂಬಿಗೆ, ಎಣ್ಣೆ ಡಬ್ಬ ಬಡಿಯುವ ಸದ್ದು ಕಿವಿ ಗಡಚಿಕ್ಕುತ್ತಿತ್ತು. ಓಣಿಯ ಮಕ್ಕಳೆಲ್ಲ ಅಲ್ಲೇ ಸೇರಿದ್ದರು. ಖಂಡೆಪ್ಪನ ಕೂಗು ಓಣಿಗೆಲ್ಲ ಕೇಳಿತು, ಕೇಳಬೇಕಾದವಳಿಗೆ ಬಿಟ್ಟು.

ಅಂಗಳಕ್ಕೆ ಬಂದು ನಿಚ್ಚಣಿಕೆಯ ಮುಂದೆ ನಿಂತ. ಹೋದ ವರ್ಷ ಅವನನ್ನು ಅಳಿಸಿದ ಅದೇ ನಿಚ್ಚಣಿಕೆ. ಅವನ ಮೊಣಕಾಲು ಒಂದು ಗಳಿಗೆ ಹಿಂದೆ ಸರಿಯಿತು. ಉಳಿದ ಮೈ ಅದನ್ನು ಎಳೆದುಕೊಂಡು ಮೇಲೆ ಹೋಯಿತು. ಕೆಳಗೆ ನೋಡಲಿಲ್ಲ. ಕೊನೆಯ ಮೆಟ್ಟಿಲು ಕಾಲಿಗೆ ಸಿಗಲಿಲ್ಲ. ಕೆಳಗೆ ಹೋತ ಪಟ್ಟಿಯನ್ನು ಒಮ್ಮೆ ಜಗ್ಗಿತು, ಪಟ್ಟಿ ಪಟ್ಟನೆ ಹರಿಯಿತು, ಖಂಡೆಪ್ಪ ಕೈಕಾಲು ನಾಲ್ಕೂ ಹರವಿಕೊಂಡು ಮಾಳಿಗೆಯ ಮೇಲೆ ಧಡಲ್ಲೆಂದು ಬಿದ್ದ.

ಬಿದ್ದದ್ದು ಮೆತ್ತಗಿತ್ತು.

ಕಣ್ಣು ತೆರೆದರೆ ಮೂಗಿನ ಕೆಳಗೆ ಕೌದಿ. ಪುತಳಾಬಾಯಿ ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿ. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಖಾಲಾ ಮನೆಯ ಗಾದಿ. ಸುತ್ತ ಸುಣ್ಣದಲ್ಲಿ ದೊಡ್ಡ ದುಂಡು ಗೆರೆ ಎಳೆದಿದ್ದರು. ತಾಟುಗಳ ಸದ್ದು ಒಮ್ಮೆಲೇ ನಿಂತಿತು.

“ಬಂದ! ಮಾಮಾ ಬಂದ!” ಅನ್ನಿ ಚೀರಿದಳು. “ಬರೋಬರಿ ಕೌದಿ ಮ್ಯಾಲೇ ಇಳದ! ನಾ ಹೇಳಿದ್ನಿಲ್ಲ?”

ಅವಳು ಅಂಚಿನಲ್ಲಿರಲಿಲ್ಲ. ಮಾಳಿಗೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತಿದ್ದಳು. ಅಕ್ಬರಿ ಬೇಗಂ ಹಲ್ಲಿನ ನಡುವೆ ಪಿನ್ನು ಕಚ್ಚಿಕೊಂಡು, ಪುತಳಾಬಾಯಿಯ ಕೆಂಪು ಸೀರೆಯನ್ನು ಅವಳಿಗೆ ಕಚ್ಚೆ ಹಾಕಿ ಉಡಿಸುತ್ತಿದ್ದರು. ಪುತಳಾಬಾಯಿ ಸೆರಗಿನ ತುದಿ ಎತ್ತಿ ಹಿಡಿದಿದ್ದಳು, ಬೆನ್ನ ಹಿಂದೆ ಬಿಟ್ಟರೆ ಎಷ್ಟು ಉದ್ದ ಹಾರೀತೆಂದು ನೋಡಲು. ಹೋತ ಎಲೆ ತಿಂದ ದಿನದಿಂದ ಅನ್ನಿ ಇದೇ ಸೀರೆಗೆ ಕಾಡುತ್ತಿದ್ದಳು. ಮಾಮಾ ಹಾರಿ ಬರುವ ದಿನ ಟವೆಲ್ ಸಾಲದೆಂದು.

ಖಂಡೆಪ್ಪ ಅಲ್ಲೇ ಕುಳಿತ. ನಿಚ್ಚಣಿಕೆಯ ತುದಿಯಲ್ಲಿ ಆಗ ಬೋಗುಣಿ ಕಾಣಿಸಿತು, ಅದರ ಕೆಳಗೆ ಜಹಾಂಗೀರ್.

“ಯಾಕೋ,” ಖಂಡೆಪ್ಪ ಏದುಸಿರಲ್ಲೇ ಕೇಳಿದ, “ಉಡ್ತಾಳ ಅಂದ್ಯಲ್ಲೋ!”

“ಹೌ. ಸೀರಿ ಉಡ್ತಾಳ.” ಜಹಾಂಗೀರನ ಮುಖ ಹೆಮ್ಮೆಯಿಂದ ಅರಳಿತ್ತು. “ನಿಮಗ ತಿಳೀಲಿ ಅಂತ ಕನ್ನಡದಾಗೇ ಹೇಳಿದೆ ಮಾಮೂ!”

ಅಕ್ಬರಿ ಬೇಗಂ ನಕ್ಕು ಪಿನ್ನುಗಳನ್ನೆಲ್ಲ ಚೆಲ್ಲಿದರು. “ಯಾ ಅಲ್ಲಾ! ಪೋರಗಾ ಕನ್ನಡ ಕಲ್ತಾನ, ಇಂವ ಉರ್ದು ಕಲ್ತಾನ, ಇಬ್ಬರೂ ಕೂಡಿ ನನ್ನ ಜೀವ ತೆಗೀತಾರ!”

ಅಷ್ಟರಲ್ಲಿ ಅಕ್ಕಪಕ್ಕದ ಮಾಳಿಗೆಗಳ ಮೇಲೆ ಜನ ನೆರೆದಿದ್ದರು. ಎಷ್ಟು ಜನ ಎನ್ನುತ್ತೀರಿ! ಗಾಜಿಪುರ ಪೂರ್ತಿ, ಅತ್ತ ಕುಸನೂರಿನಿಂ… ಬೇಡ. ರೊಟ್ಟಿಯ ಹಿಟ್ಟು ಕೈಗೆ ಮೆತ್ತಿದ ಕೆಲವು ಹೆಂಗಸರು, ಹೋತವನ್ನು ಹುಡುಕಿ ಬಂದ ಖಮರುದ್ದೀನ್, ಅಷ್ಟೇ. ಆದರೆ ಅವರೆಲ್ಲ ಓಣಿಯಲ್ಲಿ ಖಂಡೆಪ್ಪ ಕೂಗಿದ್ದನ್ನು ಒಂದಕ್ಷರ ಬಿಡದೆ ಕೇಳಿದವರು. ಒಬ್ಬೊಬ್ಬರ ತುಟಿಯ ಮೇಲೂ ಕರಿಬೆಕ್ಕು ಕುಳಿತಿತ್ತು.

ಅನ್ನಿ ಸೀರೆಯ ನೆರಿಗೆ ಎತ್ತಿ ಹಿಡಿದು ಕೌದಿಯ ಬಳಿ ಬಂದು ಮಂಡಿಯೂರಿದಳು. ಅವನ ಕಾಲಿಗೆ ಉಳಿದಿದ್ದ ತುಂಡು ಪಟ್ಟಿಯನ್ನು ಮುಟ್ಟಿ ನೋಡಿದಳು.

“ನಾ ಮ್ಯಾಲಿಂದ ನೋಡಿದ್ನಿ ಮಾಮಾ. ನಿನ್ನ ಹಿಂದ ಬೆಳ್ಳಗ ಇಷ್ಟುದ್ದ ಹಾರಾಕತ್ತಿತ್ತು. ಮೋಡಾ ಏನು ಅದು? ಮೋಡಾ ಹರಕೊಂಡು ಬಂದೆಲ್ಲಾ?”

ಖಂಡೆಪ್ಪ ಸುತ್ತ ನೋಡಿದ. ಅಕ್ಕಪಕ್ಕದ ಮಾಳಿಗೆಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಒಂದು ಬೈಗುಳಕ್ಕೆ ಓಣಿಯ ಹಾಲೆಲ್ಲ ಒಡೆಸಬಲ್ಲ ಪುತಳಾಬಾಯಿ ಸುಮ್ಮನೆ ಸೆರಗು ಮಡಿಚುತ್ತಿದ್ದಳು, ತಮ್ಮನ ಕಡೆ ನೋಡದೆ. ಹೇಳುವುದು ಬಿಡುವುದು ಅವನಿಗೇ ಬಿಟ್ಟದ್ದು ಎನ್ನುವಂತೆ. ಮೋಡ! ತನಗೇ ಹೊಳೆಯದ ಎಂಥ ಮಾತು! ಹೂಂ ಎಂದರಾಯಿತು. ಕೌದಿ ಇತ್ತು, ಸುಣ್ಣದ ಗೆರೆ ಇತ್ತು, ಕಣ್ಣಾರೆ ಕಂಡ ಮಕ್ಕಳ ದಂಡು ಇತ್ತು. ಇಷ್ಟು ಚೆನ್ನಾಗಿ ತಯಾರಾದ ಸುಳ್ಳು ಇನ್ನೊಂದು ಜನ್ಮಕ್ಕೆ ಸಿಗುವಂತಿರಲಿಲ್ಲ. ಖಂಡೆಪ್ಪನ ಬಾಯಿ ತೆರೆಯಿತು.

ಅನ್ನಿಯ ಹಿಂದೆ, ಹತ್ತು ಹೆಜ್ಜೆ ಆಚೆ, ಮಾಳಿಗೆಯ ಅಂಚು ಕಾಣುತ್ತಿತ್ತು. ಅಂಚಿನ ಬಳಿ ಎರಡು ಕೆಂಪುಬಾಳೆಯ ಸಿಪ್ಪೆಗಳಿದ್ದವು.

“ಇಲ್ಲವ್ವಾ,” ಎಂದ. “ಅದು ಮೋಡಾ ಅಲ್ಲ. ಕಾಲಿಗಿ ಸುಮ್ಮನ ಸುತ್ತಿಕೊಂಡ ಅರಿವಿ. ನಾ ಹಾರಿ ಬಂದಿಲ್ಲ. ಹ್ವಾದ ವಾರನೂ ಹಾರಿಲ್ಲ. ನನಗ ಹಾರಾಕ ಬರಂಗಿಲ್ಲ ಅನ್ನೀ. ಬಾಳಿ ತಿಂದ್ರ ಯಾರಿಗೂ ಬರಂಗಿಲ್ಲ.”

ಅವಳ ಕಾಲ ಕಡೆ ನೋಡಿದ. ಅವಳು ಏಳಲಿಲ್ಲ. ಚಪ್ಪಲಿ ಹುಡುಕಲಿಲ್ಲ. ಬಿದ್ದ ಹಲ್ಲಿನ ಸಂದಿಯಲ್ಲಿ ನಾಲಗೆ ಆಡಿಸಿದಳು.

“ಬಾಳಿದು ನನಗ ಗೊತ್ತದ ಬಿಡು. ಇಲ್ಲೇ ಎರಡೂ ತಿಂದು, ಕೆಳಗ ಇಳದು ಹೊಸಲಿ ಮ್ಯಾಲಿಂದ ಜಿಗದು ನೋಡಿದ್ನಿ. ಏನೂ ಆಗಲಿಲ್ಲ. ಅದಕ್ಕೇ ಸೀರಿ ಉಡಾಕತ್ತೀನಿ.”

“ಸೀರಿ ಉಟ್ರ ಹಾರಾಕ ಬರ್ತದೇನ?” ಖಂಡೆಪ್ಪ ಗಾಬರಿಯಾದ.

“ಮಾಮಾ!” ಅನ್ನಿ ಅವನನ್ನು ಕೂಸನ್ನು ನೋಡುವಂತೆ ನೋಡಿದಳು. “ಖರೇ ಖರೇ ಹಾರೂದಲ್ಲೋ. ಹಾರಿದಂಗ ಆಡೂದು. ನಿನಗ ಅಷ್ಟೂ ತಿಳ್ಯಂಗಿಲ್ಲ?”

ಜಹಾಂಗೀರನೂ ತಲೆಯಾಡಿಸಿದ. ಅಷ್ಟೂ ತಿಳಿಯದ ದೊಡ್ಡವರನ್ನು ಕಂಡು ಅವನಿಗೆ ಮರುಕ ಬಂದಿತ್ತು. ತಲೆಯ ಬೋಗುಣಿ ತೆಗೆದು ಖಂಡೆಪ್ಪನ ತಲೆಗೆ ಇಟ್ಟ. ಅನ್ನಿ ಕಾಲುಚೀಲವೊಂದನ್ನು ಕಳಚಿ ಅವನ ಕೈಗೆ ಎಳೆದಳು; ಹೆಬ್ಬೆರಳಿನಲ್ಲಿ ತೂತಿತ್ತು. ತಾಟುಗಳು ಮತ್ತೆ ಸಣ್ಣಗೆ ಸದ್ದು ಹಚ್ಚಿದವು.

“ಮತ್ತ ಹ್ಯಾಂಗ ಬಂದಿ ಕಮಲಾಪುರದಿಂದ?” ಅವನ ಬೆನ್ನಿಗೆ ಟವೆಲ್ ಕಟ್ಟುತ್ತ ಅನ್ನಿ ಕೇಳಿದಳು.

“ಬಸ್ಸಿನ್ಯಾಗ.”

“ಸೀಟ ಸಿಕ್ಕಿತ್ತಾ?”

“ಸೀಟೇನ್ ಕೇಳ್ತಿ! ನನ್ನ ನೋಡಿದ ಕೂಡಲೇ ಡ್ರೈವರ್ ಎದ್ದು ನಿಂತು, ಬರ್ರಿ ಸಾವ್ಕಾರ್ರ, ಕಿಟಕಿ ಬಾಜೂ…”

ಅಕ್ಕಪಕ್ಕದ ಮಾಳಿಗೆಗಳಲ್ಲಿ ಒಮ್ಮೆಲೇ ಕೆಮ್ಮು ಎದ್ದಿತು. ಪುತಳಾಬಾಯಿ ಸೆರಗು ಮಡಿಚುವುದನ್ನು ನಿಲ್ಲಿಸಿ ತಮ್ಮನ ಕಡೆ ನೋಡಿದಳು. ಟವೆಲ್ಲಿನ ಗಂಟು ಬಿಗಿಯುತ್ತಿದ್ದ ಪುಟ್ಟ ಕೈಗಳೂ ನಿಂತವು.

ಖಂಡೆಪ್ಪ ಬೋಗುಣಿಯನ್ನು ಹಣೆಯಿಂದ ಹಿಂದಕ್ಕೆ ಸರಿಸಿದ.

“ಇಲ್ಲವ್ವಾ,” ಎಂದ. “ಸಿಕ್ಕಿರಲಿಲ್ಲ. ಕೋಳಿ ಬುಟ್ಟಿ ಹಿಡ್ಕೊಂಡು ನಿಂತೇ ಬಂದೆ.”